ಗವಾಯಿಗಳು ಕಟ್ಟಿದ ಆಸರೆ

ಗದುಗು ನಮ್ಮ ಉರಿಗಾಂಗೆ ಬಹು ದೂರದ ಊರು. ಅದು ವಾಯವ್ಯದ ಎರೆಮಣ್ಣಿನ ಸೀಮೆ. ಇದು ಆಗ್ನೇಯ ಮೂಲೆಯ ಕಲ್ಲುನೆಲ. ಅಲ್ಲಿಯ ಕನ್ನಡದ ಗತ್ತು ಬೇರೆ. ಇಲ್ಲಿ ಕನ್ನಡದೊಡನೆ ತಮಿಳು ತೆಲುಗುಗಳೂ ಬೀದಿಯಲ್ಲಿ ಕಲೆತು ಕೇಳಿಸುತ್ತವೆ. ಆದರೂ ಈ ಊರಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ಕೆಲವು ವರ್ಷಗಳಿಂದ ಗದುಗಿನ ಮಹನೀಯರೊಬ್ಬರ ಬಾಳು ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿದೆ. ಅವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ನನ್ನ ವಿದ್ಯಾರ್ಥಿಗಳಲ್ಲಿ ಅವರ ಹೆಸರನ್ನು ಬಲ್ಲವರು 1995ರ ಚಲನಚಿತ್ರದ ಮೂಲಕ ಬಲ್ಲವರು; ಅದರ ಹಾಡುಗಳು ಅವರಿಗೆ ಬಾಯಿಪಾಠವಾಗಿವೆ. ಹಾಡುಗಳು ಚೆನ್ನಾಗಿಯೇ ಇವೆ. ಆದರೆ ಗವಾಯಿಗಳ ನಿಜವಾದ ಸಾಧನೆಯನ್ನು ಹಾಡಿನಲ್ಲಿ ಮಾತ್ರ ಹುಡುಕಿದರೆ ಅದರ ಅರ್ಧ ಭಾಗ ಕೈತಪ್ಪಿ ಹೋಗುತ್ತದೆ.

ಅವರ ನೆನಪು ನನಗೇಕೆ ಬರುತ್ತಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಊರಿನ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ಹೋದ ಮೇಲೆಯೂ ಲೈನುಗಳಲ್ಲಿ ಹಾಡು ಉಳಿದುಕೊಂಡಿತು. ಧನುರ್ಮಾಸದ ನಸುಕಿನ ಭಜನೆ, ಇಗರ್ಜಿಯ ಗಾಯನವೃಂದ, ಸಂಜೆಯ ಹಾರ್ಮೋನಿಯಂ ಪಾಠ, ಇವೆಲ್ಲ ಇಲ್ಲಿ ಇಂದಿಗೂ ಇವೆ. ಅಲ್ಲಿಗೆ ಬರುವವರನ್ನು ನೋಡಿ. ಗಣಿಯ ಧೂಳು ಕುಡಿದು ಶ್ವಾಸ ಕುಗ್ಗಿದ ಮುದುಕರು ಬರುತ್ತಾರೆ; ಷಡ್ಜವನ್ನು ನಾಲ್ಕು ಮಾತ್ರೆ ಹಿಡಿಯಲಾರರು, ಆದರೂ ಬರುತ್ತಾರೆ. ತಂದೆ ತಾಯಿ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಮನೆಗಳ ಮಕ್ಕಳು ಬರುತ್ತಾರೆ. ಬುದ್ಧಿ ಬೆಳೆಯದ ತರುಣರು, ದೃಷ್ಟಿ ಮಸುಕಾದ ವಿಧವೆಯರು ಬರುತ್ತಾರೆ. ಹಾಡಿನ ಮನೆಗೆ ಬಾಗಿಲಿಲ್ಲ ಎಂಬುದು ನಮ್ಮ ಹೆಮ್ಮೆ. ಆದರೆ ಬಾಗಿಲಿಲ್ಲದ ಮನೆಗೆ ಯಾರು ಬೇಕಾದರೂ ನುಗ್ಗಬಹುದಲ್ಲವೆ? ಹಾಡಲು ಬಂದ ದುರ್ಬಲರನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಮೆ. ಆ ಪ್ರಶ್ನೆಯನ್ನು ತಮ್ಮ ಬಾಳಿನ ಪ್ರಶ್ನೆಯನ್ನಾಗಿ ಮಾಡಿಕೊಂಡವರು ಗವಾಯಿಗಳು.

ಅವರು ಹುಟ್ಟಿದುದು 1892ರ ಫೆಬ್ರವರಿ 2ರಂದು, ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆ ಸೀಮೆ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ; ಬಡ ಜಂಗಮ ಮನೆತನ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಒಡಹುಟ್ಟಿದ ಗುರುಬಸವಯ್ಯನಿಗೂ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಬಾಲಕರು! ಅವರ ಬಾಲ್ಯದ ಕಾಲವನ್ನೂ ನೆನೆಯಬೇಕು. 1896ರಿಂದ ಮುಂಬಯಿ ಪ್ರಾಂತ್ಯಕ್ಕೆ ಪ್ಲೇಗು ಹೊಕ್ಕಿತು. 1896-97ರಲ್ಲಿ ಒಂದು ಕ್ಷಾಮ, 1899-1900ರಲ್ಲಿ ಅದಕ್ಕಿಂತ ಘೋರವಾದ ಇನ್ನೊಂದು. ಕಣ್ಣುಳ್ಳ ಮಕ್ಕಳೇ ಬದುಕಿ ಉಳಿಯುವುದು ದುಸ್ತರವಾಗಿದ್ದ ಕಾಲವದು.

ಅಂಥ ಕಾಲದಲ್ಲಿ ಅಂಧ ಬಾಲಕನಿಗೆ ಇದ್ದ ದಾರಿ ಬಹುಮಟ್ಟಿಗೆ ಒಂದೇ: ಜಾತ್ರೆಯಲ್ಲಿ, ಸಂತೆಯಲ್ಲಿ, ಗುಡಿಯ ಮುಂದೆ ಕುಳಿತು ಹಾಡುವುದು; ಮುಂದಿಟ್ಟ ತಟ್ಟೆಗೆ ಬಿದ್ದುದನ್ನು ಆಯ್ದುಕೊಳ್ಳುವುದು. ಎಷ್ಟೋ ವೇಳೆ ಆಯ್ದುಕೊಳ್ಳುವವನು ಆ ಬಾಲಕನಲ್ಲ, ಅವನ ಕೈಹಿಡಿದು ಕರೆತಂದ ಇನ್ನೊಬ್ಬ. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. 1771ರಲ್ಲಿ ಪ್ಯಾರಿಸ್ ನಗರದ ಒಂದು ಜಾತ್ರೆಯಲ್ಲಿ ಅಂಧರ ಗುಂಪೊಂದಕ್ಕೆ ಕೋಡಂಗಿಯ ವೇಷ ಹಾಕಿ, ಮೂಗಿನ ಮೇಲೆ ರಟ್ಟಿನ ಕನ್ನಡಕ ಏರಿಸಿ, ಕೈಗೆ ಪಿಟೀಲು ಕೊಟ್ಟು ಅಪಸ್ವರ ನುಡಿಸಹಚ್ಚಿ ಜನರನ್ನು ನಗಿಸಿದರಂತೆ. ಅದನ್ನು ಕಂಡು ನೊಂದ ವಾಲಂತ್ಯಾ ಆಯುಯಿ ಎಂಬಾತ ಮುಂದೆ ಅದೇ ನಗರದಲ್ಲಿ ಅಂಧ ಮಕ್ಕಳ ಶಾಲೆಯನ್ನು ತೆರೆದ. ಲೂಯಿ ಬ್ರೈಲ್ ಓದಿದುದು ಆ ಶಾಲೆಯಲ್ಲಿ. ಅಂಧರಿಗೆ ಅಕ್ಷರ ಕೊಟ್ಟ ಆ ಮಹಾಕಾರ್ಯದ ಮೂಲದಲ್ಲಿ ಸಂಗೀತದ ಹೆಸರಿನಲ್ಲಿ ನಡೆದ ಒಂದು ಅವಮಾನವಿದೆ ಎಂಬುದನ್ನು ನಾವು ಮರೆಯಬಾರದು. ಸಂಗೀತ ತಾನಾಗಿ ಯಾರನ್ನೂ ಕಾಪಾಡುವುದಿಲ್ಲ. ಅದನ್ನು ಹಿಡಿದ ಕೈ ಎಂಥದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಾಡಶೆಟ್ಟಿಹಳ್ಳಿಯ ಬಾಲಕರಿಗೆ ದೊರೆತ ಕೈ ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳದು (1867-1930). 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಕರ್ಮಯೋಗಿಗಳು ಅವರು. ಬಾಲಕರ ಹಾಡು ಅವರ ಕಿವಿಗೆ ಬಿತ್ತು. ಅಂಥ ಸಂದರ್ಭದಲ್ಲಿ ಯಾವ ಮಠಾಧಿಪತಿಯಾದರೂ ಮಾಡಬಹುದಾದುದು ಒಂದು ಶಾಲು, ನಾಲ್ಕು ಹಣ, ಒಂದು ಊಟ. ಕುಮಾರಸ್ವಾಮಿಗಳು ಮಕ್ಕಳನ್ನೇ ತಮ್ಮ ಹೊಣೆಗೆ ತೆಗೆದುಕೊಂಡರು. ಅನ್ನವನ್ನೂ ನೆಲೆಯನ್ನೂ ಕೊಟ್ಟು, ಸಂಗೀತ ಕಲಿಸುವ ಏರ್ಪಾಟು ಮಾಡಿದರು. ಗದಿಗೆಯ್ಯ ಪಂಚಾಕ್ಷರಿಯಾದುದು ಅವರ ಆಶ್ರಯದಲ್ಲಿ.

ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಹೇಳಿಸಿದರು. ಆಮೇಲೆ ಪಂಚಾಕ್ಷರಿಗಳು ನೀಲಕಂಠಬುವಾ ಅವರಲ್ಲಿಯೂ, ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿಯೂ ಹಿಂದೂಸ್ತಾನಿ ಪದ್ಧತಿಯನ್ನು ಕಲಿತರು. ವಹೀದ್ ಖಾನರಿಗೆ ಕಿವಿ ಮಂದ. ಸಂಗೀತಲೋಕ ಅವರನ್ನು ಬೆಹರೆ ವಹೀದ್ ಖಾನ್, ಎಂದರೆ ಕಿವುಡ ವಹೀದ್ ಖಾನ್, ಎಂದೇ ಕರೆಯುತ್ತಿತ್ತು. ಕಿವಿ ಮಂದವಾದ ಗುರು, ಕಣ್ಣಿಲ್ಲದ ಶಿಷ್ಯ. ಗುರು ಮುಸಲ್ಮಾನ, ಶಿಷ್ಯ ಜಂಗಮ. ಇದನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಕೃತಕವಾಯಿತೆಂದು ವಿಮರ್ಶಕರು ಮುಖ ಸಿಂಡರಿಸುತ್ತಿದ್ದರೇನೋ. ಎರಡು ಪದ್ಧತಿಗಳಲ್ಲಿಯೂ ಪ್ರಭುತ್ವ ಪಡೆದ ಗವಾಯಿಗಳಿಗೆ ಉಭಯಗಾನವಿಶಾರದರೆಂಬ ಬಿರುದು ಸಂದಿತು. ತಬಲಾ, ಹಾರ್ಮೋನಿಯಂಗಳಲ್ಲಿಯೂ ಅವರ ಕೈ ಪಳಗಿತ್ತು.

ಇಷ್ಟು ವಿದ್ಯೆಯುಳ್ಳವರು ಸಂಸ್ಥಾನವೊಂದರ ಆಸ್ಥಾನವನ್ನು ಸೇರಿ ನೆಮ್ಮದಿಯಿಂದ ಇರಬಹುದಿತ್ತು. ಗವಾಯಿಗಳು ಹಿಡಿದುದು ಬೇರೆ ದಾರಿ. 1914ರ ಸುಮಾರಿಗೆ, ಇಪ್ಪತ್ತೆರಡರ ಪ್ರಾಯದಲ್ಲಿ, ನಿಡಗುಂದಿಕೊಪ್ಪದಲ್ಲಿ ಅವರ ಸಂಗೀತ ಪಾಠಶಾಲೆ ಮೊದಲಾಯಿತು. ಅಂಧರು, ಅಂಗವಿಕಲರು, ತಬ್ಬಲಿಗಳು, ಕಡುಬಡವರ ಮಕ್ಕಳು ಅಲ್ಲಿಯ ವಿದ್ಯಾರ್ಥಿಗಳು. ಕಲಿಸುವುದಕ್ಕೆ ಶುಲ್ಕವಿಲ್ಲ, ಊಟ ವಸತಿ ಪಾಠಶಾಲೆಯದೇ. ಅದೊಂದು ಸಂಚಾರಿ ಪಾಠಶಾಲೆ. ಗುರು ಶಿಷ್ಯರು ಊರಿಂದೂರಿಗೆ ಹೋಗುವರು; ಹೋದಲ್ಲಿ ಪಾಠ, ಹೋದಲ್ಲಿ ಗಾಯನ, ಭಕ್ತರು ಕೊಟ್ಟ ದವಸಧಾನ್ಯದಿಂದ ದಾಸೋಹ.

ಇಲ್ಲಿ ವಾಚಕರಿಗೆ ಒಂದು ಶಂಕೆ ಹುಟ್ಟಬಹುದು, ನನಗೂ ಹುಟ್ಟಿದೆ. ಅಂಧ ಮಕ್ಕಳನ್ನು ಕರೆದುಕೊಂಡು ಊರೂರು ತಿರುಗಿ, ಹಾಡಿಸಿ, ಧಾನ್ಯ ಕೂಡಿಸುವುದಕ್ಕೂ ಜಾತ್ರೆಯ ತಟ್ಟೆಗೂ ಏನು ವ್ಯತ್ಯಾಸ? ಗೆರೆ ತೆಳುವಾದುದೆಂದು ಒಪ್ಪಬೇಕು. ಆದರೆ ಗೆರೆ ಇದೆ. ಜಾತ್ರೆಯಲ್ಲಿ ಮಾರಾಟವಾಗುವುದು ಮಗುವಿನ ಕುರುಡು. ಹಾಡು ಒಂದು ನೆಪ. ಅಲ್ಲಿ ಮಗು ಚೆನ್ನಾಗಿ ಕಲಿತುಬಿಟ್ಟರೆ ವ್ಯಾಪಾರಕ್ಕೆ ನಷ್ಟವೇ ಹೊರತು ಲಾಭವಿಲ್ಲ. ಕನಿಕರಕ್ಕೆ ಪಾಂಡಿತ್ಯ ಅಡ್ಡ ಬರುತ್ತದೆ. ಗವಾಯಿಗಳ ಪಾಠಶಾಲೆಯಲ್ಲಿ ವರ್ಷಗಟ್ಟಲೆ ನಡೆದುದು ಕಲಿಕೆ. ಬಂದ ಧಾನ್ಯ ಹಾಡಿದವನ ಹೊಟ್ಟೆಗೂ ಇನ್ನೂ ಹಾಡಲು ಬಾರದವನ ಹೊಟ್ಟೆಗೂ ಒಂದೇ ಪಂಕ್ತಿಯಲ್ಲಿ ಹೋಯಿತು. ಕಲಿತವನು ಒಂದು ದಿನ ತಾನೇ ಗುರುವಾಗಿ ಬದುಕಬಲ್ಲವನಾದ. ಕಂಠವಿಲ್ಲದವನಿಗೆ ವಾದ್ಯವಿತ್ತು. ಈ ಲೆಕ್ಕದಿಂದ ನೋಡಿದರೆ ಆ ಸಂಚಾರ ಭಿಕ್ಷಾಟನೆಯಂತೆ ಕಾಣುವುದಿಲ್ಲ.

ಹಾಗೆಂದು ಆ ದಾರಿ ಸುಗಮವಾಗಿತ್ತೆಂದಲ್ಲ. ಬೆಳೆಯುವ ಮಕ್ಕಳ ಬಳಗಕ್ಕೆ ಭಕ್ತರ ಧಾನ್ಯ ಸಾಲದಾಯಿತು. ಗದುಗು ಆ ಕಾಲದಲ್ಲಿ ನಾಟಕದ ಊರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ಗವಾಯಿಗಳೂ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಕಣ್ಣಿಲ್ಲದ ಯತಿಯೊಬ್ಬರು ನಾಟಕದ ಕಂಪನಿಗೆ ಒಡೆಯರಾಗುವುದೆಂದರೆ ಆಶ್ಚರ್ಯವೇ. ಅವರಿಗೆ ಬೇಕಾದುದು ಟಿಕೀಟಿನ ಹಣ. ಅದರಿಂದ ಮಕ್ಕಳ ಊಟ. ಲಾಭದ ದಿನಗಳು ಯಾವ ಕಂಪನಿಗೂ ಬಹಳವಿರಲಿಲ್ಲ. ಈ ಮಂಡಳಿಗೂ ಅಷ್ಟೆ. ಕೊನೆಗೆ ಗದುಗಿನ ವರ್ತಕರಾದ ಬಸರಿಗಿಡದ ವೀರಪ್ಪನವರಂಥ ದಾನಿಗಳ ನೆರವಿನಿಂದ ಪಾಠಶಾಲೆ ಗದುಗಿನಲ್ಲಿಯೇ ನೆಲೆ ನಿಂತಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಅಲೆದಾಟ ನಿಂತು ಮಕ್ಕಳಿಗೆ ಒಂದು ಸೂರು ಆದುದನ್ನು ನಾನು ಗವಾಯಿಗಳ ಯಾವ ಕಚೇರಿಗಿಂತಲೂ ದೊಡ್ಡ ಘಟನೆಯೆಂದು ಎಣಿಸುತ್ತೇನೆ. ಕಣ್ಣಿಲ್ಲದ ಮಗುವಿಗೆ ಕಂಬ ಎಲ್ಲಿದೆ, ಬಾವಿ ಎಲ್ಲಿದೆ, ಮಲಗುವ ಚಾಪೆ ಎಲ್ಲಿದೆ ಎಂಬುದು ದಿನದಿನವೂ ಬದಲಾಗದೆ ಇರುವುದೇ ಒಂದು ರಕ್ಷಣೆ.

ಆಶ್ರಮಕ್ಕೆ ಬಂದವರಲ್ಲಿ ಒಬ್ಬ ಬಾಲಕ ಹಾನಗಲ್ಲು ಸೀಮೆಯ ದೇವಗಿರಿಯವನು, ಹೆಸರು ಪುಟ್ಟಯ್ಯ. 1914ರ ಮಾರ್ಚ್ 3ರಂದು ಹುಟ್ಟಿದವನು. ಎಳವೆಯಲ್ಲಿಯೇ ಕಣ್ಣು ಹೋದವು, ತಂದೆಯೂ ತೀರಿಕೊಂಡರು. ಸೋದರಮಾವ ಚಂದ್ರಶೇಖರಯ್ಯನವರು ಸಾಕಿದರು. ಮಾವನ ಹಾರ್ಮೋನಿಯಮ್ಮಿನ ಮೇಲೆ ಹುಡುಗ ತಾನಾಗಿ ಬೆರಳಾಡಿಸುವುದನ್ನು ಕಂಡು ಅವರು ಅವನನ್ನು ಗವಾಯಿಗಳ ಬಳಿಗೆ ಕರೆತಂದರು. ಇನ್ನೊಬ್ಬ ಶಿಷ್ಯ ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರು. 1920ರಲ್ಲಿ ಹುಟ್ಟಿದವರು, ಹದಿಮೂರರ ಸುಮಾರಿಗೆ ಬಂದು ಸೇರಿದರು. ರಾಜಗುರುಗಳಿಗೆ ಕಣ್ಣು ಚೆನ್ನಾಗಿತ್ತು. ಈ ಸಂಗತಿ ಸಣ್ಣದೆಂದು ತೋರಬಹುದು. ಆದರೆ ಕಣ್ಣಿದ್ದವರೂ ಇಲ್ಲದವರೂ ಒಂದೇ ಸೂರಿನಡಿಯಲ್ಲಿ, ಒಂದೇ ಗುರುವಿನ ಮುಂದೆ ಕಲಿತುದು ಗವಾಯಿಗಳ ಏರ್ಪಾಟಿನ ಜೀವಾಳವೆಂದು ನನ್ನ ಎಣಿಕೆ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆಯೊಂದು ಹುಟ್ಟಿತ್ತು. ಅದರ ಉಪಕಾರ ದೊಡ್ಡದು. ಆದರೆ ಬೇರೆಯಾಗಿಟ್ಟು ಕಾಯುವುದು ಒಂದು ಬಗೆ, ಎಲ್ಲರ ನಡುವೆ ಇಟ್ಟು ಕಾಯುವುದು ಇನ್ನೊಂದು ಬಗೆ. ಎರಡನೆಯದು ಕಷ್ಟತರ. ಕಣ್ಣಿರುವ ಒಡನಾಡಿಗಳು ಇದ್ದೆಡೆ ಅಂಧ ಬಾಲಕನಿಗೆ ಅನ್ಯಾಯ ಮಾಡಹೊರಟವನಿಗೆ ಸಾಕ್ಷಿಗಳ ಭಯವಿರುತ್ತದೆ.

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಆ ಮಹಾಸಭೆಯಲ್ಲಿ ಹದಿನಾರರ ಆಸುಪಾಸಿನ ರಾಜಗುರುಗಳು ಹಾಡಿದರು. ಅವರಿಗೆ ತಬಲಾ ಸಾಥ್ ಮಾಡಿದವರು ಸ್ವತಃ ಗವಾಯಿಗಳು. ನಮ್ಮ ಸಂಗೀತ ಸಂಪ್ರದಾಯದಲ್ಲಿ ಗಾಯಕನಿಗೂ ಪಕ್ಕವಾದ್ಯದವನಿಗೂ ಇದ್ದ ತಾರತಮ್ಯವನ್ನು ಬಲ್ಲವರಿಗೆ ಇದರ ಮಹತ್ತ್ವ ತಿಳಿದೀತು. ನಾಡೆಲ್ಲ ನೆರೆದ ಸಭೆಯಲ್ಲಿ, ನಲವತ್ತು ದಾಟಿದ ಗುರು ಮೊದಲ ಬಾರಿಗೆ ವೇದಿಕೆಯೇರುವ ಹುಡುಗನ ಪಕ್ಕದಲ್ಲಿ ಕುಳಿತು ಅವನ ಲಯವನ್ನು ಹೊತ್ತುಕೊಂಡರು. ಹುಡುಗ ತಪ್ಪಿದರೆ ಎತ್ತಿಕೊಳ್ಳುವ ಕೈ ಪಕ್ಕದಲ್ಲಿಯೇ ಇದೆ. ಆದರೆ ಕೇಳುವವರ ಕಣ್ಣು ಹುಡುಗನ ಮೇಲಿದೆ. ದುರ್ಬಲರನ್ನು ವೇದಿಕೆಗೆ ಏರಿಸುವವರಲ್ಲಿ ಬಹುಮಂದಿ ಏರಿಸಿದವರು ತಾವೆಂಬುದನ್ನು ಸಭೆಗೆ ತೋರಿಸದೆ ಬಿಡುವುದಿಲ್ಲ. ಒಂದು ಊರಿನ ಸಮಾರಂಭದಲ್ಲಿ ಅಂಧ ಬಾಲಿಕೆಯೊಬ್ಬಳನ್ನು ಹಾಡಿಸಿ, ಅವಳ ಹಾಡು ಮುಗಿಯುವ ಮೊದಲೇ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡ ಗಣ್ಯರನ್ನು ನಾನು ಕಂಡಿದ್ದೇನೆ. ಅವಳಿಗೆ ಕುಡಿಯಲು ನೀರು ಕೊಡಬೇಕೆಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಸಂಗೀತದ ಕಲಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ನಾವು ಸಂಕೋಚದಿಂದ ಮಾತಾಡದೆ ಬಿಡುತ್ತೇವೆ. ಕಣ್ಣಿರುವ ಹುಡುಗನಿಗೆ ತಬಲಾ ಕಲಿಸುವ ಗುರು ತನ್ನ ಬೆರಳನ್ನು ತೋರಿಸಿದರೆ ಸಾಕು. ಕಣ್ಣಿಲ್ಲದವನಿಗೆ ಬೆರಳನ್ನು ಹಿಡಿದು ಚರ್ಮದ ಮೇಲೆ ಇರಿಸಬೇಕು. ಕೈಯ ಬಾಗು, ಕುಳಿತ ಭಂಗಿ, ಉಸಿರಿನ ನೆಲೆ, ಎಲ್ಲವನ್ನೂ ಮುಟ್ಟಿ ತಿಳಿಸಬೇಕು. ಸ್ಪರ್ಶವೇ ಅಲ್ಲಿ ಪಾಠ. ಹಾಗೆ ಮುಟ್ಟುವವನು ಮಗುವಿನ ಅನ್ನಕ್ಕೂ ಸೂರಿಗೂ ಒಡೆಯನಾಗಿರುವಾಗ ಮಗುವಿಗೆ ಬೇಡವೆನ್ನುವ ಬಾಯಿ ಎಲ್ಲಿಂದ ಬರಬೇಕು? ಗುರುಕುಲ ಪದ್ಧತಿಯನ್ನು ಹೊಗಳುವ ನಮ್ಮ ಬರಹಗಳು ಈ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ಗುರುವಿಗೆ ಸರ್ವಸ್ವವನ್ನೂ ಒಪ್ಪಿಸುವ ಶಿಷ್ಯನನ್ನು ಕುರಿತು ಪುಟಗಟ್ಟಲೆ ಬರೆಯುತ್ತೇವೆ. ಒಪ್ಪಿಸಿಕೊಂಡ ಗುರುವಿನ ಮೇಲೆ ಬೀಳುವ ಭಾರವನ್ನು ಕುರಿತು ಒಂದು ಸಾಲು ಬರೆಯುವುದಿಲ್ಲ. ಗವಾಯಿಗಳು ಆ ಭಾರವನ್ನು ಬಲ್ಲವರಾಗಿದ್ದರು ಎಂದು ನಂಬಲು ಕಾರಣ ಅವರ ಬಾಲ್ಯ. ಅವರೂ ಒಂದು ಕಾಲಕ್ಕೆ ಪೂರ್ಣವಾಗಿ ಇನ್ನೊಬ್ಬರ ಕೈಯಲ್ಲಿ ಇದ್ದವರು. ಆ ಕೈ ಕುಮಾರಸ್ವಾಮಿಗಳದಾಗದೆ ಬೇರೊಬ್ಬರದಾಗಿದ್ದರೆ ತಮ್ಮ ಗತಿ ಏನಾಗುತ್ತಿತ್ತೆಂಬುದು ಅವರಿಗೆ ತಿಳಿಯದ ವಿಷಯವಲ್ಲ.

ಆದರೆ ಎಲ್ಲ ಮಕ್ಕಳಿಗೂ ಕುಮಾರಸ್ವಾಮಿಗಳು ದೊರೆಯುವರೆಂದು ನಂಬಿ ಕುಳಿತಿರಲು ನಮಗೆ ಹಕ್ಕಿಲ್ಲ. ಅದಕ್ಕಾಗಿಯೇ ನಮ್ಮ ದೇಶದಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆ ಬಂದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಬಂದಿದೆ. ಪೋಕ್ಸೊ ಕಾಯಿದೆಯ ಪ್ರಕಾರ ಅಪರಾಧವನ್ನು ತಿಳಿದೂ ವರದಿ ಮಾಡದೆ ಸುಮ್ಮನಿರುವುದೂ ಅಪರಾಧ. ಭಜನೆಯ ಮನೆಗೆ, ಹಾರ್ಮೋನಿಯಂ ಪಾಠದ ಕೋಣೆಗೆ ಈ ಕಾಯಿದೆ ಅನ್ವಯಿಸುವುದೇ ಎಂದು ನಮ್ಮಲ್ಲಿ ಕೆಲವರು ಆಶ್ಚರ್ಯಪಡುತ್ತಾರೆ. ಏಕೆ ಅನ್ವಯಿಸಬಾರದು? ನಮ್ಮ ಲೈನಿನ ಸಂಜೆಯ ಪಾಠಗಳಲ್ಲಿ ನಾವು ಕೆಲವರು ಸೇರಿ ಮಾಡಿಕೊಂಡ ಕಟ್ಟಳೆಗಳು ಸರಳವಾದುವು. ಪಾಠ ನಡೆಯುವಾಗ ಕೋಣೆಯ ಬಾಗಿಲು ತೆರೆದಿರಬೇಕು. ದೊಡ್ಡವರು ಇಬ್ಬರಾದರೂ ಇರಬೇಕು. ಮುಟ್ಟಿ ಕಲಿಸುವ ಮೊದಲು ಮುಟ್ಟುತ್ತೇನೆಂದು ಹೇಳಿ, ಒಪ್ಪಿಗೆ ಕೇಳಬೇಕು. ಕತ್ತಲಾದ ಮೇಲೆ ಯಾವ ಮಗುವನ್ನು ಯಾರು ಮನೆಗೆ ಮುಟ್ಟಿಸುವರೆಂಬುದು ಎಲ್ಲರಿಗೂ ಗೊತ್ತಿರಬೇಕು. ಇದರಿಂದ ಗುರುವಿನ ಗೌರವಕ್ಕೆ ಕುಂದೆಂದು ಮುನಿಸಿಕೊಂಡು ಹೋದ ವಿದ್ವಾಂಸರೊಬ್ಬರಿದ್ದಾರೆ. ಹೋಗಲಿ. ಉಸಿರು ಕುಗ್ಗಿದ ಮುದುಕರಿಗೆ ನಡುನಡುವೆ ವಿರಾಮ ಕೊಡುವ ಪದ್ಧತಿಯೂ ಆಗಲೇ ಬಂದುದು. ಅದರಿಂದ ಭಜನೆ ಒಂದಿಷ್ಟು ಉದ್ದವಾಯಿತು, ಅಷ್ಟೆ.

ಗವಾಯಿಗಳ ಕೊನೆಯ ವರ್ಷಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಆಶ್ರಮದ ಚಿಂತೆಯೇ ಅವರ ಚಿಂತೆಯಾಗಿತ್ತು. 1944ರ ಜೂನ್ 11ರಂದು ಅವರು ಲಿಂಗೈಕ್ಯರಾದರು. ಆಗ ವಯಸ್ಸು ಐವತ್ತೆರಡು. ಆ ಬಳಿಕ ರಾಜಗುರುಗಳು ಮುಂಬಯಿಗೆ ಹೋಗಿ ಬೇರೆ ಬೇರೆ ಗುರುಗಳಲ್ಲಿ ಕಲಿತು ನಾಡಿಗೆಲ್ಲ ಹೆಸರಾದರು. ಆಶ್ರಮದ ಹೊಣೆ ಬಿದ್ದುದು ಮೂವತ್ತರ ಪ್ರಾಯದ ಪುಟ್ಟರಾಜರ ಮೇಲೆ. ಅವರೂ ಕಣ್ಣಿಲ್ಲದವರು. ಆಶ್ರಮವನ್ನು ನಡೆಸಲು ಕಣ್ಣಿರುವ ಒಬ್ಬ ಆಡಳಿತಗಾರ ಬೇಕೆಂದು ಲೋಕ ಎಣಿಸಬಹುದಾಗಿತ್ತು. ಆದರೆ ಆಸರೆ ಪಡೆದು ಬೆಳೆದವನೇ ಆಸರೆ ಕೊಡುವವನಾಗಿ ಆ ಪೀಠದಲ್ಲಿ ಕುಳಿತ. ಗವಾಯಿಗಳ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ದೀನರಿಗಾಗಿ ಕಟ್ಟಿದ ಸಂಸ್ಥೆಗಳಲ್ಲಿ ದೀನರು ಎಂದೆಂದಿಗೂ ಪಂಕ್ತಿಯಲ್ಲಿ ಕುಳಿತವರಾಗಿಯೇ ಉಳಿಯುತ್ತಾರೆ. ಬಡಿಸುವ ಕೈ ಯಾವಾಗಲೂ ಬೇರೆಯವರದು. ಗದುಗಿನಲ್ಲಿ ಹಾಗಾಗಲಿಲ್ಲ.

ಪುಟ್ಟರಾಜ ಗವಾಯಿಗಳು ಅರುವತ್ತಾರು ವರ್ಷ, 2010ರ ಸೆಪ್ಟೆಂಬರ್ 17ರಂದು ತಾವು ತೀರಿಕೊಳ್ಳುವ ವರೆಗೂ, ಆ ಹೊಣೆಯನ್ನು ಹೊತ್ತರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಗುರುಗಳಂತೆಯೇ ನಾಟಕ ಮಂಡಳಿಯನ್ನು ನಡೆಸಿದರು. ಇಂದು ದೇಶವೆಲ್ಲ ಬಲ್ಲ ಗಾಯಕರಾದ ವೆಂಕಟೇಶಕುಮಾರರು ಬಾಲಕರಾಗಿ ಬಂದು ಅವರಲ್ಲಿ ಕಲಿತವರು. ಭಕ್ತರು ಊರೂರುಗಳಲ್ಲಿ ಪುಟ್ಟರಾಜರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ನಾಣ್ಯಗಳಿಂದ ತೂಗುತ್ತಿದ್ದರು. ಆ ತುಲಾಭಾರಗಳು ಎಷ್ಟು ನಡೆದುವೆಂದರೆ ಲೆಕ್ಕ ಸಾವಿರಗಳಲ್ಲಿ ಹೇಳುತ್ತಾರೆ. ತಕ್ಕಡಿಯಿಂದ ಇಳಿಸಿದ ನಾಣ್ಯಗಳ ಚೀಲಗಳು ಗದುಗಿಗೆ ಹೋಗುತ್ತಿದ್ದುವು. ಅಲ್ಲಿ ಅವು ಮಕ್ಕಳ ರೊಟ್ಟಿಗೆ ಜೋಳವಾಗುತ್ತಿದ್ದುವು.